ರೋಡ್ಸಿನಲ್ಲಿ ಇಬ್ಬರಿಗೆ ಒಂದು ಕೋಣೆ

ಮೊನ್ನೆ ದೋಹಾದ ಮೆಟ್ರೋದಲ್ಲಿ ಅಲ್ ವಕ್ರಾ ಕಡೆಗೆ ಹೋಗುತ್ತಿದ್ದೆವು. ನನ್ನ ತಮ್ಮನ ಮಗ ಅಲ್ಲೊಂದು ಹೊಸ ಫ್ಲ್ಯಾಟು ಹಿಡಿದಿದ್ದಾನೆ. ಬಂದು ನಾಲ್ಕು ದಿನ ಇದ್ದು ಹೋಗಿ ಎಂದು ನನ್ನನ್ನೂ ನನ್ನ ಗಂಡನನ್ನೂ ಊರಿನಿಂದ ಕರೆಸಿಕೊಂಡಿದ್ದ. ಅವನ ಹೆಂಡತಿ ಅನನ್ಯ ನನ್ನ ಪಕ್ಕದಲ್ಲಿ ಕುಳಿತು ಮೊಬೈಲಿನಲ್ಲಿ ಏನೋ ನೋಡುತ್ತಿದ್ದಳು. ಎರಡು ಸ್ಟೇಷನ್ನು ದಾಟುವಷ್ಟರಲ್ಲಿ ತಲೆಯೆತ್ತಿ, "ಆಂಟಿ, ಹೋಟೆಲ್ ಬುಕ್ ಆಯ್ತು. ಈದ್ ರಜೆಗೆ ನಾವು ಗ್ರೀಸಿಗೆ" ಎಂದಳು.

ಫೋನಿನಲ್ಲಿ ಸುಣ್ಣ ಬಳಿದ ಒಂದು ಗೋಡೆ, ಅದಕ್ಕೊಂದು ನೀಲಿ ಬಾಗಿಲು ಕಾಣಿಸಿತು. ಅವಳು ಯಾರನ್ನೂ ಕೇಳಿರಲಿಲ್ಲ. ಗಂಡನಿಗೂ ಮನೆಗೆ ಹೋದ ಮೇಲೆ ಹೇಳಿದರಾಯಿತು ಎಂಬಂತೆ ಫೋನನ್ನು ಬ್ಯಾಗಿಗೆ ಹಾಕಿದಳು. ನನಗೆ ಸಂತೋಷವಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಎದುರಿನ ಸೀಟಿನಲ್ಲಿ ನನ್ನ ಗಂಡ ಎಸಿಯ ತಂಪಿಗೆ ತೂಕಡಿಸುತ್ತಿದ್ದರು. ಅದೇ ಗ್ರೀಸಿನ ಒಂದು ದ್ವೀಪದಲ್ಲಿ ಒಂದು ಅಗ್ಗದ ಕೋಣೆ ಗೊತ್ತುಮಾಡಲು ಇದೇ ದೋಹಾದಲ್ಲಿ ನನಗೆ ಇಡೀ ಒಂದು ಬೇಸಿಗೆ ಬೇಕಾಗಿತ್ತು. ಆ ಬೇಸಿಗೆಯಲ್ಲಿ ನಾನು ಜಗಳವಾಡದೆ ಬಿಟ್ಟವರು ಬಹಳ ಕಡಿಮೆ.

ಅದು ತೊಂಬತ್ತರ ದಶಕದ ಕೊನೆಯ ಭಾಗ. ಹಳೆಯ ಪೇಟೆಯ ಒಂದು ಓಣಿಯಲ್ಲಿದ್ದ ಸಣ್ಣ ಟ್ರಾವೆಲ್ ಏಜೆನ್ಸಿಯಲ್ಲಿ ನಾನು ಟಿಕೆಟ್ ಕೌಂಟರಿನಲ್ಲಿ ಕೂರುತ್ತಿದ್ದೆ. ಈಗ ಆ ಓಣಿಯೂ ಇಲ್ಲ, ಅಂಗಡಿಗಳೂ ಇಲ್ಲ. ಅಲ್ಲೆಲ್ಲ ದೊಡ್ಡ ದೊಡ್ಡ ಕಟ್ಟಡಗಳು ಬಂದಿವೆ. ನನ್ನ ಗಂಡನ ಹೆಸರು ಜಯಕರ. ಹೆಸರು ಹಿಡಿದು ಕರೆಯುವ ರೂಢಿ ನಮ್ಮಲ್ಲಿ ಇರಲಿಲ್ಲ, ಮನೆಯಲ್ಲಿ ಈಗಲೂ ಕರೆಯುವುದಿಲ್ಲ. ಆದರೆ ಬರೆಯುವಾಗ ಜಯಕರ ಎಂದೇ ಬರೆಯುತ್ತೇನೆ. ಅವರು ರಾಸ್ ಲಫಾನಿನಲ್ಲಿ ಒಂದು ಕಂಟ್ರಾಕ್ಟ್ ಕಂಪನಿಯ ಪೈಪಿಂಗ್ ಸೂಪರ್‌ವೈಸರ್. ಆಗಿನ್ನೂ ಅಲ್ಲಿ ಗ್ಯಾಸ್ ಪ್ಲಾಂಟುಗಳು ಏಳುತ್ತಿದ್ದ ಕಾಲ. ವಾರವೆಲ್ಲ ಕ್ಯಾಂಪಿನಲ್ಲಿದ್ದು, ಶುಕ್ರವಾರದ ರಜೆಗೆ ಗುರುವಾರ ಸಂಜೆಯ ಕಂಪನಿ ಬಸ್ಸಿನಲ್ಲಿ ಬರುತ್ತಿದ್ದರು. ಸ್ನಾನ ಮಾಡಿ ಬಂದರೂ ಕಿವಿಯ ಮಡಿಕೆಗಳಲ್ಲಿ ಮರಳು ಉಳಿದಿರುತ್ತಿತ್ತು. ಅಲ್ ರಯ್ಯಾನಿನಲ್ಲಿ ಒಂದು ಹಳೆಯ ವಿಲ್ಲಾವನ್ನು ಪ್ಲೈವುಡ್ ಗೋಡೆ ಹಾಕಿ ಪಾಲು ಮಾಡಿದ್ದರು. ಅದರಲ್ಲಿ ಒಂದು ಕೋಣೆ, ಒಂದು ಅಡುಗೆಮೂಲೆ ನಮ್ಮದು. ಪಕ್ಕದ ಪಾಲಿನವರ ಮಗು ಅತ್ತರೆ ನಮ್ಮ ಮಂಚದ ಬುಡದಲ್ಲೇ ಅತ್ತ ಹಾಗೆ ಕೇಳಿಸುತ್ತಿತ್ತು.

ಕೌಂಟರಿಗೆ ಎರಡು ಬಗೆಯ ಜನ ಬರುತ್ತಿದ್ದರು. ಬಿಳಿಯರು ಬಂದರೆ ಮೊದಲು ನಕಾಶೆ ಬಿಡಿಸುತ್ತಿದ್ದರು. ಸೈಪ್ರಸ್ಸೋ, ಗ್ರೀಸೋ, ಟರ್ಕಿಯೋ ಎಂದು ಗಂಡ ಹೆಂಡತಿ ಅಲ್ಲೇ ನಿಂತು ಚರ್ಚೆ ಮಾಡುತ್ತಿದ್ದರು. ನಮ್ಮವರು ಬಂದರೆ ನಾನು ಎಲ್ಲಿಗೆ ಎಂದು ಕೇಳುತ್ತಲೇ ಇರಲಿಲ್ಲ, ಯಾವಾಗ ಎಂದಷ್ಟೇ ಕೇಳುತ್ತಿದ್ದೆ. ಬೊಂಬಾಯಿಗೆ ಟಿಕೆಟು, ಅಲ್ಲಿಂದ ಮಂಗಳೂರಿಗೆ ರಾತ್ರಿ ಬಸ್ಸು. ಅದರಲ್ಲಿ ನನಗೂ ಏನೂ ವಿಚಿತ್ರ ಕಂಡಿರಲಿಲ್ಲ. ನಾವೂ ಹಾಗೆಯೇ ಹೋಗಿ ಬರುತ್ತಿದ್ದೆವು. ಶಾಲೆಗೆ ಹೋಗುವ ಮಕ್ಕಳಿದ್ದವರಿಗೆ ಜುಲೈ ರಜೆ. ನಮಗೆ ಸೆಪ್ಟೆಂಬರ್. "ನಿಮ್ಗೆ ಯಾವಾಗ ಹೋದ್ರೂ ಆಗ್ತದೆ ಅಲ್ವಾ" ಎಂದು ಆಫೀಸಿನಲ್ಲೂ ಕ್ಯಾಂಪಿನಲ್ಲೂ ಪ್ರೀತಿಯಿಂದಲೇ ಹೇಳುತ್ತಿದ್ದರು.

ಆ ವರ್ಷ ಮೇ ತಿಂಗಳಲ್ಲಿ ಒಂದು ಫೋನ್ ಬಂತು. ಗ್ರೀಸಿನ ರೋಡ್ಸ್ ಎಂಬ ದ್ವೀಪದಿಂದ. ಅಲ್ಲಿನ ಕೋಟೆಯೊಳಗಿನ ಹಳೆಯ ಊರಿನಲ್ಲಿ ಬಾಡಿಗೆ ಕೋಣೆಗಳನ್ನು ನಡೆಸುತ್ತಿದ್ದ ದೆಸ್ಪಿನಾ ಎಂಬ ಹೆಂಗಸು. ನಮ್ಮ ಮೂಲಕ ಕೋಣೆ ಹಿಡಿದಿದ್ದ ಒಬ್ಬ ಇಂಗ್ಲಿಷ್ ಎಂಜಿನಿಯರಿಗೆ ರಜೆ ರದ್ದಾಗಿತ್ತು, ಅವನು ನಮಗೂ ಹೇಳಿರಲಿಲ್ಲ, ಅವಳಿಗೂ ಹೇಳಿರಲಿಲ್ಲ. ಅವಳ ಇಂಗ್ಲಿಷ್ ನನ್ನದಕ್ಕಿಂತ ಹರುಕುಮುರುಕು, ದನಿ ಮಾತ್ರ ನಮ್ಮೂರ ಮೀನು ಮಾರುಕಟ್ಟೆಯದು. ಪರದೆ ಒಗೆದು ಇಸ್ತ್ರಿ ಮಾಡಿದ್ದೆ, ಹಾಸಿಗೆ ಬಿಸಿಲಿಗೆ ಹಾಕಿದ್ದೆ, ನಿಮ್ಮ ಇಂಗ್ಲಿಷಿನವ ಬರಲಿಲ್ಲ ಎಂದು ಬೈದಳು. ನಾನು ಕ್ಷಮೆ ಕೇಳಿದೆ. ಅವಳಿಗೆ ಸಮಾಧಾನವಾಗಲಿಲ್ಲ.

"ಬಾರದವರನ್ನು ಯಾಕೆ ಕಳಿಸ್ತೀ? ನೀನೇ ಬಾ" ಎಂದು ಫೋನು ಇಟ್ಟಳು.

ಬೈಗುಳವೇ ಅದು, ಕರೆಯಲ್ಲ. ಆದರೂ ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು ಕೂತಾಗ ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಯಾರೋ ಗಿರಾಕಿ ಬಿಟ್ಟುಹೋದ ಪ್ರವಾಸದ ಪುಸ್ತಕವೊಂದು ನನ್ನ ಡ್ರಾವರಿನಲ್ಲಿತ್ತು. ಅದರಲ್ಲಿ ರೋಡ್ಸ್ ಹುಡುಕಿದೆ. ಕ್ರೈಸ್ತ ಯೋಧರು ಕಟ್ಟಿದ ಕೋಟೆ, ಆಮೇಲೆ ತುರ್ಕರು, ಆಮೇಲೆ ಇಟಲಿಯವರು. ಗೋಡೆಯೊಳಗೆ ಇನ್ನೂ ಜನ ಬಟ್ಟೆ ಒಣಗಿಸಿಕೊಂಡು, ಅಡುಗೆ ಮಾಡಿಕೊಂಡು ಇದ್ದಾರೆ ಎಂದಿತ್ತು. ಆ ಪುಟವನ್ನು ಎಷ್ಟು ಸಲ ಓದಿದೆನೋ.

ಅದಕ್ಕೆ ಹಿಂದಿನ ವರ್ಷದ ರಜೆಯನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ನಮಗೆ ಮದುವೆಯಾಗಿ ಹತ್ತು ವರ್ಷ ದಾಟಿತ್ತು, ಮಕ್ಕಳಾಗಿರಲಿಲ್ಲ. ಇಲ್ಲಿಯೇ ಹೇಳಿಬಿಡುತ್ತೇನೆ, ಆಮೇಲೂ ಆಗಲಿಲ್ಲ. ಕೊನೆಗೇನೋ ಪವಾಡ ನಡೆಯುತ್ತದೆ ಎಂದು ಓದುವವರು ಕಾಯುವುದು ಬೇಡ. ಊರಿಗೆ ಕಾಲಿಟ್ಟ ಮರುದಿನದಿಂದಲೇ ನಮ್ಮ ರಜೆ ನಮ್ಮದಾಗಿ ಇರುತ್ತಿರಲಿಲ್ಲ. ಒಂದು ದಿನ ಮಂಗಳೂರಿನ ಡಾಕ್ಟರು, ಒಂದು ದಿನ ಲೇಹ್ಯ ಕೊಡುವ ಪಂಡಿತರು, ಮತ್ತೊಂದು ದಿನ ನಾಗನಿಗೆ ತಂಬಿಲದ ಪೂಜೆ. ನಮ್ಮಿಬ್ಬರಲ್ಲೂ ಏನೂ ದೋಷವಿಲ್ಲ ಎಂದು ಡಾಕ್ಟರು ಬರೆದುಕೊಟ್ಟ ಮೇಲೆ ದೋಷ ಹುಡುಕುವವರ ಹುಮ್ಮಸ್ಸು ಇನ್ನೂ ಹೆಚ್ಚಿತು. ಆ ಹಿಂದಿನ ವರ್ಷ ಮೈದುನನ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ. ಮಗುವಿಗೆಂದು ದೋಹಾದಿಂದ ಸರ ತಂದಿದ್ದೆ. ಹೆಂಗಸರೆಲ್ಲ ತೊಟ್ಟಿಲ ಸುತ್ತ ನಿಂತಾಗ ನಾನೂ ಮುಂದೆ ಬಂದೆ. ಅತ್ತೆ ನನ್ನ ಮೊಣಕೈ ಹಿಡಿದು, ಯಾರಿಗೂ ಕೇಳಿಸದ ಹಾಗೆ, "ನೀನು ಸ್ವಲ್ಪ ಹಿಂದೆ ನಿಲ್ಲು ಮಗಾ" ಎಂದರು. ಮಗಾ ಎಂದೇ ಕರೆದರು. ನಾನು ಹಿಂದೆ ನಿಂತೆ. ಸರವನ್ನು ಬೇರೆ ಯಾರೋ ಹಾಕಿದರು.

ಫೋನ್ ಬಂದ ಆ ವರ್ಷದ ಸೆಪ್ಟೆಂಬರಿಗೆ ಅತ್ತೆ, ಸಂತಾನಕ್ಕೆಂದು ನಾಗನಿಗೆ ಮಾಡಿಸುವ ಆಶ್ಲೇಷಾ ಬಲಿಗೆ ಭಟ್ಟರನ್ನು ಗೊತ್ತುಮಾಡಿ, ಹೊಸ ಡಾಕ್ಟರ ಹೆಸರೂ ಹೇಳಿ ಆಗಿತ್ತು.

ಜೂನ್ ಬಂತು. ಬೆಳಿಗ್ಗೆ ಆಫೀಸಿನ ಬಾಗಿಲು ತೆರೆದು ಹೊರಗೆ ಕಾಲಿಟ್ಟವರ ಕನ್ನಡಕಗಳೆಲ್ಲ ಮಂಜಾಗುವ ಸೆಕೆ. ಒಂದು ದಿನ ಆಫೀಸಿನ ಫ್ಯಾಕ್ಸಿನಿಂದ ದೆಸ್ಪಿನಾಳಿಗೆ ಬರೆದೆ. ನೀನೇ ಬಾ ಎಂದಿದ್ದೆಯಲ್ಲ, ಬರುತ್ತೇನೆ. ನಾವಿಬ್ಬರು, ಸೆಪ್ಟೆಂಬರಿನಲ್ಲಿ, ನಿನ್ನ ಹತ್ತಿರ ಇರುವುದರಲ್ಲಿ ಎಲ್ಲಕ್ಕಿಂತ ಅಗ್ಗದ ಕೋಣೆ ಯಾವುದು? ಎರಡು ದಿನ ಬಿಟ್ಟು ಉತ್ತರ ಬಂತು, ಮಾಸಿದ ಫ್ಯಾಕ್ಸ್ ಕಾಗದದಲ್ಲಿ ದೊಡ್ಡ ದೊಡ್ಡ ಕೈಬರಹ. ಮೇಲೆ ತಾರಸಿಯಲ್ಲಿ ಒಂದು ಕೋಣೆ ಇದೆ. ಮೆಟ್ಟಿಲು ಕಡಿದಾದದ್ದು, ಬಚ್ಚಲು ಕೆಳಗೆ ಅಂಗಳದಲ್ಲಿ, ಎಲ್ಲರಿಗೂ ಒಂದೇ. ಬೆಳಗಿನ ತಿಂಡಿ ಇಲ್ಲ. ಆಗಸ್ಟಿನ ಗದ್ದಲ ಮುಗಿದ ಮೇಲೆ ಬಂದರೆ ಬಾಡಿಗೆ ಇಳಿಸುತ್ತೇನೆ. ಹೆಚ್ಚು ಇಳಿಸು ಎಂದು ನಾನು ಬರೆದೆ. ಅವಳು ಇಳಿಸಲಿಲ್ಲ, ಅಡುಗೆಮನೆ ಕೊಡುತ್ತೇನೆ ಎಂದಳು. ಅನ್ನ ಸಾರು ಮಾಡಿಕೊಳ್ಳಬಹುದೇ ಎಂದು ಕೇಳಿದ್ದಕ್ಕೆ, ಏನು ಬೇಕಾದರೂ ಬೇಯಿಸು, ಮೀನು ಹುರಿದರೆ ಕಿಟಕಿ ತೆರೆದಿಡು ಎಂದು ಬಂತು. ಏಜೆನ್ಸಿಯವರಿಗೆ ವಿಮಾನದ ಟಿಕೆಟಿನಲ್ಲಿ ಸಿಗುವ ದೊಡ್ಡ ರಿಯಾಯಿತಿ ನನಗೂ ಗಂಡನಿಗೂ ಇತ್ತು. ಊರಿನ ದಾರಿಗಲ್ಲದೆ ಅದನ್ನು ನಾನು ಎಂದೂ ಬಳಸಿರಲಿಲ್ಲ. ಅಥೆನ್ಸಿನವರೆಗೆ ವಿಮಾನ, ಅಲ್ಲಿಂದ ಹಡಗಿನ ಡೆಕ್ಕಿನಲ್ಲಿ ಒಂದು ರಾತ್ರಿ, ಹೀಗೆ ಮಾಡಿದರೆ ಒಂದು ದಿನದ ಕೋಣೆಯ ಬಾಡಿಗೆಯೂ ಉಳಿಯುತ್ತದೆ. ಬೇರೆಯವರಿಗೆ ಇಂಥದ್ದನ್ನು ಎಷ್ಟೋ ಸಲ ಹೊಂದಿಸಿಕೊಟ್ಟಿದ್ದೆ. ನನಗೆಂದು ಹೊಂದಿಸುವಾಗ ಒಂದೊಂದು ತಾರೀಖನ್ನೂ ಮೂರು ಮೂರು ಸಲ ನೋಡಿದೆ.

ಒಂದು ಶುಕ್ರವಾರ ಬೆಳಿಗ್ಗೆ ಜಯಕರ ಬಂಗುಡೆ ಕತ್ತರಿಸುತ್ತಿದ್ದಾಗ ಹೇಳಿದೆ. ಅವರು ಕತ್ತಿ ಕೆಳಗಿಟ್ಟು ನನ್ನ ಮುಖ ನೋಡಿದರು. ಬೇಡ ಎನ್ನಲಿಲ್ಲ. ಎಷ್ಟು ಖರ್ಚಾಗುತ್ತದೆ ಎಂದೂ ಕೇಳಲಿಲ್ಲ. "ಅಮ್ಮನಿಗೆ ಎಂತ ಹೇಳುದು?" ಎಂದರು. ಬರುವುದಿಲ್ಲ ಎಂದು ಹೇಳುವುದು ಎಂದೆ. "ಅದನ್ನು ನಾನು ಹೇಳ್ತೇನೆ, ನೀನು ಸುಮ್ಮನಿರು" ಎಂದು ಮತ್ತೆ ಮೀನಿಗೆ ಕೈಹಾಕಿದರು. ನನ್ನ ಪಾಲಿಗೆ ಅದು ಒಪ್ಪಿಗೆಯೇ ಆಗಿತ್ತು. ಆ ಸಂಜೆ ನಾನು ಹಾಡಿಕೊಂಡು ಪಾತ್ರೆ ತೊಳೆದೆ.

ತಿಂಗಳಿಗೊಮ್ಮೆ ಶುಕ್ರವಾರದ ದಿನ ನಮ್ಮ ಕಡೆಯ ಹೆಂಗಸರು ಪ್ರೇಮಕ್ಕನ ಫ್ಲ್ಯಾಟಿನಲ್ಲಿ ಸೇರುತ್ತಿದ್ದರು. ಪ್ರೇಮಕ್ಕ ದೋಹಾಕ್ಕೆ ಮೊದಲು ಬಂದವರಲ್ಲಿ ಒಬ್ಬರು. ಯಾರ ಮನೆಯಲ್ಲಿ ಏನು ನಡೆದರೂ ಅವರ ಕಿವಿಗೆ ಮುಟ್ಟದೆ ಇರುತ್ತಿರಲಿಲ್ಲ. ಗ್ರೀಸಿಗೆ ಹೋಗುತ್ತೇವೆಂದು ಕ್ಯಾಂಪಿನಲ್ಲಿ ಜಯಕರ ಯಾರಿಗೋ ಹೇಳಿದ್ದು ಅಲ್ಲಿಗೂ ಬಂದಿತ್ತು. ಅವಲಕ್ಕಿಯ ತಟ್ಟೆ ಕೈಗೆ ಕೊಡುತ್ತ ಪ್ರೇಮಕ್ಕ ದನಿ ತಗ್ಗಿಸಿ, "ಗ್ರೀಸಿನಲ್ಲಿ ಒಳ್ಳೆ ಡಾಕ್ಟ್ರು ಉಂಟಂತೆ?" ಎಂದು ಕೇಳಿದರು. ಮೊದಲು ನನಗೆ ತಿಳಿಯಲಿಲ್ಲ. ಆಮೇಲೆ ಸುತ್ತಲಿದ್ದವರ ಮುಖಗಳನ್ನು ನೋಡಿದೆ. ಟೆಸ್ಟ್‌ಟ್ಯೂಬ್ ಮಗು ಮಾಡಿಸಲು ನಾವು ಗ್ರೀಸಿಗೆ ಹೋಗುತ್ತಿದ್ದೇವೆ ಎಂದು ಎಲ್ಲರೂ ತಿಳಿದಿದ್ದರು. ಒಬ್ಬಳು ತನ್ನ ತಂಗಿಗಾಗಿ ಆಸ್ಪತ್ರೆಯ ವಿಳಾಸವನ್ನೂ ಕೇಳಿದಳು.

ಡಾಕ್ಟರಲ್ಲ, ಊರು ನೋಡಲು ಹೋಗುವುದು ಎಂದೆ. ಯಾರೂ ನಂಬಲಿಲ್ಲ. ಪ್ರೇಮಕ್ಕ ನನ್ನ ಬೆನ್ನು ಸವರಿ, ಆಗುವವರೆಗೆ ಯಾರಿಗೂ ಹೇಳಬಾರದು, ಅದೇ ಸರಿ ಎಂದರು. ಅಷ್ಟು ವರ್ಷಗಳಲ್ಲಿ ಆ ಮನೆಯಲ್ಲಿ ನನಗೆ ಅಂಥ ಗೌರವ ಸಿಕ್ಕಿರಲಿಲ್ಲ. ಹೊರಟಾಗ ಡಬ್ಬಿಯಲ್ಲಿ ಚಕ್ಕುಲಿ ಕಟ್ಟಿಕೊಟ್ಟರು. ಬಿಸಿ ಗಾಳಿಯಲ್ಲಿ ಟ್ಯಾಕ್ಸಿಗೆ ಕಾಯುತ್ತ ನಿಂತಾಗ ಆ ಡಬ್ಬಿಯನ್ನು ಅಲ್ಲೇ ಬಿಟ್ಟು ಹೋಗಬೇಕು ಅನ್ನಿಸಿತು. ಬಿಡಲಿಲ್ಲ. ಚಕ್ಕುಲಿ ಚೆನ್ನಾಗಿತ್ತು.

ಇದೇ ಸುದ್ದಿ ನಮ್ಮ ಮ್ಯಾನೇಜರ್ ಖಾದರ್ ಸಾಹೇಬರಿಗೂ ಮುಟ್ಟಿತ್ತು. ಅವರು ಬಂಟ್ವಾಳದ ಕಡೆಯವರು, ಹಿರಿಯರು, ಸಜ್ಜನರು. ವೀಸಾಕ್ಕೆ ಕಂಪನಿಯ ಪತ್ರ ಬೇಕಿತ್ತು: ಇವಳು ನಮ್ಮಲ್ಲಿ ಕೆಲಸದಲ್ಲಿದ್ದಾಳೆ, ರಜೆ ಮುಗಿಸಿ ವಾಪಸ್ ಬರುತ್ತಾಳೆ ಎಂದು. ನಾನು ಬಾಯಿ ತೆರೆಯುವ ಮೊದಲೇ ಅವರು ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು.

"ಟ್ರೀಟ್‌ಮೆಂಟಿಗೆ ಅಂತಾದ್ರೆ ನಾನು ಒಂದು ಮಾತು ಕೇಳುದಿಲ್ಲ ಶಶಿಕಲಾ. ಇವತ್ತೇ ಲೆಟರ್ ಮಾಡಿಸ್ತೇನೆ."

ಒಂದು ಹೂಂ ಅಂದಿದ್ದರೆ ಸಾಕಿತ್ತು. ಪತ್ರ ಆ ಮಧ್ಯಾಹ್ನವೇ ಕೈಗೆ ಸಿಗುತ್ತಿತ್ತು. ನನ್ನ ಬಾಯಿಯಿಂದ ಆ ಹೂಂ ಬರಲಿಲ್ಲ.

"ಟ್ರೀಟ್‌ಮೆಂಟಿಗೆ ಅಲ್ಲ ಸರ್. ಸುಮ್ಮನೆ ತಿರುಗ್ಲಿಕ್ಕೆ."

ಅವರ ಮುಖ ಬದಲಾಯಿತು. ಬೈಯಲಿಲ್ಲ. ನಮ್ಮವರು ರಜೆ ಎಂದು ಯುರೋಪಿಗೆ ಹೋಗಿ ಅಲ್ಲೇ ಕಾಣೆಯಾದ ಕತೆಗಳನ್ನು ಹೇಳಿದರು. ಏಜೆನ್ಸಿಯ ಮಾಲೀಕ ಅರಬಿಗೆ ಉತ್ತರ ಹೇಳಬೇಕಾದವರು ತಾವು ಎಂದರು. ಚಿಕಿತ್ಸೆ ಎಂದರೆ ಅವನಿಗೂ ಅರ್ಥವಾಗುತ್ತದೆ, ತಿರುಗಾಟ ಎಂದರೆ ಅನುಮಾನ ಪಡುತ್ತಾನೆ. "ರಜೆ ಅಂದ್ರೆ ಊರು ಅಲ್ವಾ?" ಎಂದು ಕೊನೆಗೆ ಕೇಳಿದರು. ನಿಜವಾಗಿಯೂ ತಿಳಿಯದೆ ಕೇಳಿದ ಹಾಗಿತ್ತು. ಪತ್ರದ ಮಾತನ್ನು ಆಮೇಲೆ ನೋಡೋಣ ಎಂದು ಬಿಟ್ಟರು.

ಜುಲೈ ಮಧ್ಯದಲ್ಲಿ ಊರಿನಿಂದ ಬಂದವರೊಬ್ಬರು ಅತ್ತೆ ಕೊಟ್ಟ ಪೊಟ್ಟಣ ತಂದುಕೊಟ್ಟರು. ಹಪ್ಪಳ, ಒಂದು ಕರಿ ನೂಲು, ನಾಗನ ಪ್ರಸಾದ. ಜೊತೆಗೆ ಬಾಯಿಮಾತು: ಗ್ರೀಸಿನ ಡಾಕ್ಟರ ಹತ್ತಿರ ಹೋಗುವ ದಿನ ಈ ನೂಲು ಕಟ್ಟಿಕೊಳ್ಳಬೇಕಂತೆ, ಭಟ್ಟರಿಗೆ ಹೇಳಿ ಬಲಿಯನ್ನು ಮುಂದಕ್ಕೆ ಹಾಕಿದ್ದಾರಂತೆ, ಅಮ್ಮ ತುಂಬ ಖುಷಿಯಲ್ಲಿದ್ದಾರಂತೆ.

ಆ ಗುರುವಾರ ಜಯಕರ ಬಸ್ಸಿಳಿದು ಬಂದಾಗ ಪೊಟ್ಟಣ ಮಂಚದ ಮೇಲೆ ಬಿಚ್ಚಿಟ್ಟಿತ್ತು. ಅವರು ಶೂ ಬಿಚ್ಚದೆಯೇ ಬಾಗಿಲಲ್ಲಿ ನಿಂತರು. ಮುಚ್ಚಿಡಲು ನೋಡಲಿಲ್ಲ. ಹೌದು, ಅಮ್ಮನಿಗೆ ಹಾಗೆ ಹೇಳಿದೆ. ಕ್ಯಾಂಪಿನಲ್ಲಿ ಜನ ತಾವಾಗಿಯೇ ಹಾಗೆ ತಿಳಿದರು, ನಾನು ಅಲ್ಲವೆನ್ನಲಿಲ್ಲ, ಅದೇ ಮಾತು ಅಮ್ಮನಿಗೂ ಹೇಳಿದೆ ಎಂದರು.

"ಅಮ್ಮನಿಗೂ ನೆಮ್ಮದಿ, ನಮಗೂ ಹೋಗ್ಲಿಕ್ಕೆ ಸುಲಭ. ಇದ್ರಿಂದ ಯಾರಿಗೆ ನಷ್ಟ ಶಶಿ?"

"ನನಗೆ" ಎಂದೆ. "ವಾಪಸ್ ಬಂದ ಮೇಲೆ ಡಾಕ್ಟರು ಎಂತ ಹೇಳಿದ್ರು ಅಂತ ಕೇಳ್ತಾರೆ. ಆಗ ಇನ್ನೊಂದು ಸುಳ್ಳು. ಆಮೇಲೆ ಗ್ರೀಸಿಗೆ ಹೋದ್ರೂ ಆಗ್ಲಿಲ್ಲ ಅಂತ ಅದೂ ನನ್ನ ತಲೆಗೇ. ನನಗೆ ರಜೆ ಬೇಕು. ಅದಕ್ಕೆ ಕಾರಣ ಬೇಡ."

ಪ್ಲೈವುಡ್ ಗೋಡೆಯ ಆಚೆ ಎಲ್ಲರೂ ಸುಮ್ಮನಾದದ್ದು ನಮಗೆ ಕೇಳಿಸಿತು. ನಾನು ಪೊಟ್ಟಣವನ್ನು ಕಟ್ಟಿ ಮಂಚದ ಕೆಳಗಿಟ್ಟೆ.

ಮರುದಿನ ನಾನು ರಸ್ತೆ ಬದಿಯ ಟೆಲಿಫೋನ್ ಬೂತಿಗೆ ಹೋದೆ. ಗಾಜಿನ ಆ ಡಬ್ಬಿ ಒಲೆಯ ಹಾಗೆ ಕಾದಿತ್ತು, ರಿಸೀವರನ್ನು ಸೆರಗಿನಲ್ಲಿ ಹಿಡಿದುಕೊಳ್ಳಬೇಕಾಯಿತು. ಅತ್ತೆಯೇ ಫೋನು ತೆಗೆದರು. ಮಾತು ನಡೆದದ್ದು ತುಳುವಿನಲ್ಲಿ.

"ಅತ್ತೇ, ಇವರು ಹೇಳಿದ್ದು ನಿಜ ಅಲ್ಲ. ನಾವು ಯಾವ ಡಾಕ್ಟರ ಹತ್ರವೂ ಹೋಗುದಿಲ್ಲ. ಊರು ನೋಡ್ಲಿಕ್ಕೆ ಹೋಗುದು."

ಅತ್ತೆಯ ಹಿಂದೆ ಯಾರೋ ಬಾವಿಯಿಂದ ನೀರು ಸೇದುವ ಸದ್ದು ಕೇಳುತ್ತಿತ್ತು.

"ನಾಗನಿಗೆ ಹೇಳಿಕೊಂಡ ಹರಕೆ?"

"ಹರಕೆ ಹೊತ್ತದ್ದು ನೀವು ಅತ್ತೆ, ನೀವೇ ತೀರ್ಸಿ. ನಾನು ಏನೂ ಬೇಡಿಕೊಳ್ಳಲಿಲ್ಲ."

"ವಯಸ್ಸಾದ ಮೇಲೆ ನಿಮ್ಮನ್ನು ಯಾರು ನೋಡ್ತಾರೆ?"

"ನಮ್ಮನ್ನು ನಾವೇ ನೋಡಿಕೊಳ್ತೇವೆ."

ಅವರು ಫೋನು ಇಟ್ಟರು. ಅತ್ತೆ ಕೆಟ್ಟವರಾಗಿರಲಿಲ್ಲ. ನನಗಿಷ್ಟವೆಂದು ಪ್ರತಿ ಸಲವೂ ಹಲಸಿನ ಹಪ್ಪಳ ಕಳಿಸುತ್ತಿದ್ದವರು, ತಮ್ಮ ಓರಗಿತ್ತಿಯರ ಬಾಯಿಗೆ ನನಗಿಂತ ಹೆಚ್ಚು ಹೆದರಿದ್ದವರು ಅವರು. ಮುಂದಿನ ವರ್ಷ ಊರಿಗೆ ಹೋದಾಗ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಹಪ್ಪಳ ಸುಡುತ್ತ, "ಬಲಿ ಮಾಡ್ಸಿದೆ. ನಿಮ್ಮಿಬ್ಬರ ಆರೋಗ್ಯಕ್ಕೆ ಅಂತ ಹೇಳಿಕೊಂಡೆ, ಬೇರೆಂತದೂ ಕೇಳ್ಲಿಲ್ಲ" ಎಂದರು. ಅಲ್ಲಿಗೆ ಆ ವಿಷಯ ಮುಗಿಯಿತು. ಆದರೆ ಆ ಶುಕ್ರವಾರ ಬೂತಿನಿಂದ ಹೊರಗೆ ಬಂದಾಗ ನನಗೆ ಇದಾವುದೂ ಗೊತ್ತಿರಲಿಲ್ಲ. ಬೆವರಿಗೆ ಸೀರೆ ಮೈಗಂಟಿತ್ತು. ಆದರೂ ಹೇಳಿದ್ದರಲ್ಲಿ ಒಂದು ಅಕ್ಷರವನ್ನೂ ವಾಪಸ್ ತೆಗೆದುಕೊಳ್ಳಬೇಕು ಅನ್ನಿಸಲಿಲ್ಲ.

ಜಯಕರರಿಗೆ ಹೇಳಿದಾಗ ಅವರು ಮೊದಲ ಬಾರಿಗೆ ನನ್ನ ಮೇಲೆ ನಿಜವಾಗಿ ಸಿಟ್ಟಾದರು. ಅಮ್ಮನ ಖುಷಿಯನ್ನು ಕಿತ್ತುಕೊಂಡೆ ಎಂದರು. ನಾನು ಬರುವುದಿಲ್ಲ ಎಂದರು. ಹಾಗಾದರೆ ನಾನೊಬ್ಬಳೇ ಹೋಗುತ್ತೇನೆ ಎಂದೆ. ಅವರು ಬ್ಯಾಗು ತೆಗೆದುಕೊಂಡು ಹೊತ್ತಿಗೆ ಮೊದಲೇ ಬಸ್ಸಿನ ಜಾಗಕ್ಕೆ ಹೋಗಿ ನಿಂತರು. ಮುಂದಿನ ಗುರುವಾರ ಓವರ್‌ಟೈಮ್ ಎಂದು ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ.

ನಾನು ದೆಸ್ಪಿನಾಳಿಗೆ ಫ್ಯಾಕ್ಸ್ ಕಳಿಸಿದೆ: ಇಬ್ಬರಲ್ಲ, ಒಬ್ಬಳೇ, ಬಾಡಿಗೆ ಎಷ್ಟು ಕಡಿಮೆಯಾಗುತ್ತದೆ? ಒಂದೇ ಸಾಲಿನ ಉತ್ತರ ಬಂತು. ಮಂಚ ಅದೇ, ಬಾಡಿಗೆಯೂ ಅದೇ. ಆ ದಿನಗಳಲ್ಲಿ ನನಗೆ ನಗು ಬಂದದ್ದು ಅದೊಂದೇ ಸಲ.

ಒಬ್ಬಳೇ ಹೋಗುವುದೆಂದರೆ ಏನೆಂದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಮಂಗಳೂರಿನ ಬಸ್ಸನ್ನು ಬಿಟ್ಟರೆ ನಾನು ಎಲ್ಲಿಗೂ ಒಬ್ಬಳೇ ಹೋದವಳಲ್ಲ. ಆಗಸ್ಟಿನ ಸಂಜೆಗಳಲ್ಲಿ ಆ ಕೋಣೆಯಲ್ಲಿ ಕೂತು, ಎಸಿಯ ನೀರು ಬಕೆಟಿಗೆ ತೊಟ್ಟಿಕ್ಕುವುದನ್ನು ಕೇಳುತ್ತ, ಬಿಟ್ಟುಬಿಡೋಣವೇ ಎಂದು ಯೋಚಿಸಿದ್ದುಂಟು. ಬಿಟ್ಟರೆ ಸೆಪ್ಟೆಂಬರಿನಲ್ಲಿ ಊರು, ಹೊಸ ಡಾಕ್ಟರು, ಮತ್ತೆ ಆ ತೊಟ್ಟಿಲಿನಿಂದ ನಾಲ್ಕು ಹೆಜ್ಜೆ ಹಿಂದೆ. ಅದು ನೆನಪಾದರೆ ಸಾಕು, ಹೆದರಿಕೆ ಬಿಟ್ಟುಹೋಗುತ್ತಿತ್ತು.

ಮತ್ತೆ ಖಾದರ್ ಸಾಹೇಬರ ಕೋಣೆಗೆ ಹೋದೆ. ಈ ಸಲ ಅವರು ಕೂರಿಸುವ ಮೊದಲೇ ಕೂತೆ.

"ಸರ್, ಈ ಕೌಂಟರಿನಲ್ಲಿ ಕೂತು ಆ ದ್ವೀಪಕ್ಕೆ ನಾನು ಎಷ್ಟು ಜನರನ್ನು ಕಳಿಸಿದ್ದೇನೆ. ನೀವು ಯಾಕೆ ಹೋಗ್ತೀರಿ ಅಂತ ಒಬ್ಬರನ್ನಾದ್ರೂ ಕೇಳಿದ್ದುಂಟಾ ನಾವು?"

ಅವರು ಕನ್ನಡಕ ತೆಗೆದು ಒರೆಸಿದರು. ಪತ್ರ ಕೊಡದಿದ್ದರೂ ಸೆಪ್ಟೆಂಬರಿನಲ್ಲಿ ನಾನು ಕೌಂಟರಿನಲ್ಲಿ ಇರುವುದಿಲ್ಲ, ಊರಿಗೂ ಹೋಗುವುದಿಲ್ಲ, ಆ ಕೋಣೆಯ ಬಾಗಿಲು ಹಾಕಿಕೊಂಡು ಮಲಗುತ್ತೇನೆ, ಆದರೆ ಸುಳ್ಳು ಹೇಳಿ ಪತ್ರ ತೆಗೆದುಕೊಳ್ಳುವುದಿಲ್ಲ ಎಂದೆ. ಅವರು ನನ್ನ ವಾಪಸು ಟಿಕೆಟು ತರಿಸಿ ನೋಡಿದರು. ಇಷ್ಟು ವರ್ಷ ತಾವೇ ತರಬೇತಿ ಕೊಟ್ಟು ಬೆಳೆಸಿದ ಹುಡುಗಿ ಹೀಗೆ ಎದುರು ಕೂತು ಮಾತಾಡುತ್ತಿದ್ದಾಳೆ ಎಂಬುದೇ ಅವರಿಗೆ ಹೊಸದಾಗಿತ್ತೇನೋ.

"ನೀವು ವಾಪಸ್ ಬಾರದಿದ್ರೆ ನನ್ನ ಕೆಲ್ಸವೂ ಖಲಾಸ್, ಗೊತ್ತುಂಟಲ್ಲಾ?"

"ಬರ್ತೇನೆ ಸರ್."

ಟೈಪಿಸ್ಟನ್ನು ಕರೆದು ತಾವೇ ಹೇಳಿ ಬರೆಸಿದರು. ಪ್ರಯಾಣದ ಉದ್ದೇಶ ಎಂಬಲ್ಲಿ ನಿಂತು ನನ್ನ ಕಡೆ ನೋಡಿದರು. "ಟೂರಿಸಂ" ಎಂದು ಅವರೇ ಬರೆಸಿದರು.

ಆ ವಾರ ಗುರುವಾರದ ಬಸ್ಸಿನಲ್ಲಿ ಜಯಕರ ಬಂದರು. ನಾನು ಅನ್ನಕ್ಕಿಟ್ಟು ತರಕಾರಿ ಹೆಚ್ಚುತ್ತಿದ್ದೆ. ಅವರು ಜೇಬಿನಿಂದ ಮಡಿಚಿದ ಎರಡು ಕಾಗದ ತೆಗೆದು ಮೇಜಿನ ಮೇಲಿಟ್ಟರು: ಒಂದು, ದೇಶ ಬಿಟ್ಟು ಹೋಗಲು ಅವರ ಕಂಪನಿ ಕೊಡುವ ಎಕ್ಸಿಟ್ ಪರ್ಮಿಟ್, ಇನ್ನೊಂದು, ವೀಸಾಕ್ಕೆ ಬೇಕಾದ ಪತ್ರ. ಎರಡಕ್ಕೂ ಸೀಲು ಬಿದ್ದಿತ್ತು. ಇಟ್ಟು ಸ್ನಾನಕ್ಕೆ ಹೋದರು. ಊಟದ ಹೊತ್ತಿಗೆ ತಾವಾಗಿಯೇ ಮಾತು ತೆಗೆದರು. ಕ್ಯಾಂಪಿನಲ್ಲಿ ಒಬ್ಬ, ನಿಮ್ಮ ಹೆಂಡತಿಗೆ ಗ್ರೀಸಿನಲ್ಲಿ ಎಂತ ಆಪರೇಷನ್ ಎಂದು ಎಲ್ಲರ ಎದುರು ಕೇಳಿದನಂತೆ. ಏನೂ ಆಗಿರದ ಹೆಂಡತಿಗೆ ತಾನೇ ಒಂದು ಕಾಯಿಲೆ ಅಂಟಿಸಿದ ಹಾಗಾಯಿತು ಎಂದು ಆಗ ಹೊಳೆಯಿತಂತೆ.

"ಆ ಹೆಂಗಸಿಗೆ ಇಬ್ಬರು ಅಂತ ಹೇಳು" ಎಂದರು.

ಮತ್ತೆ ಫ್ಯಾಕ್ಸ್ ಹೋಯಿತು. ಒಬ್ಬಳಲ್ಲ, ಇಬ್ಬರು. ದೆಸ್ಪಿನಾ ಬರೆದಳು: ಇನ್ನು ಬದಲಾಯಿಸಿದರೆ ಮಂಚವನ್ನೇ ಮಾರುತ್ತೇನೆ.

ಪಾಸ್‌ಪೋರ್ಟುಗಳು ಕೊರಿಯರಿನಲ್ಲಿ ಹೊರದೇಶಕ್ಕೆ ಹೋಗಿ ವೀಸಾದ ಚೀಟಿ ಅಂಟಿಸಿಕೊಂಡು ಬರುವಷ್ಟರಲ್ಲಿ ಹೊರಡುವ ದಿನ ಹತ್ತಿರ ಬಂದಿತ್ತು. ಆ ವರ್ಷ ಸೂಟ್‌ಕೇಸು ತುಂಬಿಸುವುದು ನನಗೆ ಬಹಳ ವಿಚಿತ್ರ ಅನ್ನಿಸಿತು. ಸಾಬೂನಿನ ಪೆಟ್ಟಿಗೆಗಳಿಲ್ಲ, ಸೀರೆಗಳಿಲ್ಲ, ಶರಬತ್ತಿನ ಟ್ಯಾಂಗ್ ಪುಡಿಯ ಡಬ್ಬಿಗಳಿಲ್ಲ, ಯಾರ ಹೆಸರು ಬರೆದ ಪೊಟ್ಟಣವೂ ಇಲ್ಲ. ನಮ್ಮಿಬ್ಬರ ಬಟ್ಟೆ, ಸ್ವಲ್ಪ ಕುಚ್ಚಲಕ್ಕಿ, ಸಾರಿನ ಪುಡಿ. ಅರ್ಧವೂ ತುಂಬಲಿಲ್ಲ.

ಹಡಗು ಬೆಳಿಗ್ಗೆ ರೋಡ್ಸ್ ಮುಟ್ಟಿತು. ಬಂದರಿನ ಅಂಚಿನಿಂದಲೇ ಕೋಟೆಯ ಗೋಡೆ ಎದ್ದಿತ್ತು, ಬಿಸಿಲಿಗೆ ಬೆಲ್ಲದ ಬಣ್ಣ. ಒಳಗೆ ಇಬ್ಬರು ಜೊತೆಯಾಗಿ ನಡೆಯಲಾಗದಷ್ಟು ಕಿರಿದಾದ ಓಣಿಗಳು. ನೆಲಕ್ಕೆ ಉರುಟು ಕಲ್ಲು ಹಾಸಿದ್ದರು, ತಲೆಯ ಮೇಲೆ ಒಂದು ಮನೆಯಿಂದ ಇನ್ನೊಂದಕ್ಕೆ ಕಲ್ಲಿನ ಕಮಾನುಗಳು. ಜಯಕರ ಸೂಟ್‌ಕೇಸನ್ನು ತಲೆಯ ಮೇಲಿಟ್ಟುಕೊಂಡು ನಡೆದರು. ಮೂರು ಸಲ ದಾರಿ ತಪ್ಪಿ ಒಂದು ಹಳೆಯ ಮಸೀದಿಯ ಎದುರಿಗೇ ಬಂದು ನಿಂತೆವು. ಕೊನೆಗೆ ದನಿಯಿಂದಲೇ ದೆಸ್ಪಿನಾಳನ್ನು ಕಂಡುಹಿಡಿದೆ. ಬಾಗಿಲಲ್ಲಿ ನಿಂತು ಯಾರನ್ನೋ ಬೈಯುತ್ತಿದ್ದಳು. ಆ ದನಿಗೆ ಹೋಲಿಸಿದರೆ ಆಳು ಬಹಳ ಕುಳ್ಳಿ, ಕರಿ ಲಂಗ, ಕೈಯಲ್ಲಿ ಬದನೆಕಾಯಿ. ತಡವಾಗಿ ಬಂದದ್ದಕ್ಕೆ ನಮ್ಮನ್ನೂ ಬೈದು ಮುಂದೆ ಮುಂದೆ ಮೆಟ್ಟಿಲು ಹತ್ತಿದಳು.

ತಾರಸಿಯ ಕೋಣೆ ಅವಳು ಬರೆದ ಹಾಗೆಯೇ ಇತ್ತು, ಸಣ್ಣದು, ಬೆಳಕಿನದು. ಒಂದು ದೊಡ್ಡ ಮಂಚ, ಗೋಡೆಯ ಪಕ್ಕ ಕಸೂತಿಯ ಹೊದಿಕೆ ಹಾಕಿದ ಒಂದು ಪುಟ್ಟ ಮಂಚ. ಇವೆರಡೂ ಸೇರಿ ಕಾಲಿಡಲು ಜಾಗವಿರಲಿಲ್ಲ. ದೆಸ್ಪಿನಾ ಪುಟ್ಟ ಮಂಚವನ್ನು ತಟ್ಟಿ ನಮ್ಮ ಹಿಂದೆ ಮೆಟ್ಟಿಲ ಕಡೆ ನೋಡಿದಳು.

"ಮಕ್ಕಳು ಎಲ್ಲಿ? ಅಜ್ಜಿಯ ಹತ್ತಿರ ಬಿಟ್ಟು ಬಂದಿರಾ?"

ನನಗೆ ಒಳಗೊಳಗೇ ನಗು ಬಂತು. ಇಷ್ಟೆಲ್ಲ ಜಗಳ ಮಾಡಿ, ಸಮುದ್ರ ದಾಟಿ ಬಂದರೆ, ಆ ಪ್ರಶ್ನೆ ನಮಗಿಂತ ಮೊದಲೇ ಬಂದು ಕೋಣೆಯಲ್ಲಿ ಕಾದು ಕೂತಿತ್ತು. ಯಾರೂ ಕೇಳದ ಊರು ಎಲ್ಲೋ ಇದೆ ಎಂದು ನಾನು ತಿಳಿದದ್ದೇ ತಪ್ಪು. ಉತ್ತರ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಜಯಕರ ಸೂಟ್‌ಕೇಸನ್ನು ಕೆಳಗಿಳಿಸಿದರು. ಇಷ್ಟು ವರ್ಷ ಊರಿನಲ್ಲಿ, ಕ್ಯಾಂಪಿನಲ್ಲಿ, ಮದುವೆ ಮನೆಗಳಲ್ಲಿ ಈ ಪ್ರಶ್ನೆಗೆ ಅವರದು ಒಂದೇ ಉತ್ತರ: ದೇವರು ಕೊಟ್ಟಾಗ. ಅದನ್ನು ಹೇಳುವಾಗ ತಮ್ಮ ಕಾಲಬೆರಳನ್ನೇ ನೋಡುತ್ತಿದ್ದರು. ಆವತ್ತು ಅವಳ ಮುಖವನ್ನೇ ನೋಡುತ್ತ ತಮ್ಮ ಸೈಟಿನ ಇಂಗ್ಲಿಷಿನಲ್ಲಿ ಹೇಳಿದರು.

"ನೋ ಚಿಲ್ಡ್ರನ್. ವಿ ಟೂ. ಫ್ಯಾಮಿಲಿ ಫುಲ್."

ದೆಸ್ಪಿನಾ ಅವರನ್ನು ನೋಡಿದಳು, ನನ್ನನ್ನು ನೋಡಿದಳು. ಅಯ್ಯೋ ಎನ್ನಲಿಲ್ಲ. ಹೊದಿಕೆಯನ್ನು ಎಳೆದು ಹೆಗಲ ಮೇಲೆ ಹಾಕಿಕೊಂಡು, ಹಾಗಾದರೆ ಇದು ಇಲ್ಲಿ ಯಾಕೆ, ಆ ಕಡೆ ಹಿಡಿ ಎಂದಳು. ಇಬ್ಬರೂ ಸೇರಿ ಪುಟ್ಟ ಮಂಚವನ್ನು ಎತ್ತಿದರು. ಕಡಿದಾದ ಮೆಟ್ಟಿಲುಗಳಲ್ಲಿ ಜಯಕರ ಹಿಮ್ಮುಖವಾಗಿ ಇಳಿದರು. ಅವಳು ಮೇಲಿನಿಂದ ಗ್ರೀಕಿನಲ್ಲಿ ಅಪ್ಪಣೆ ಕೊಡುತ್ತಿದ್ದಳು, ಇವರು ಕೆಳಗಿನಿಂದ ತುಳುವಿನಲ್ಲಿ ಮೆಲ್ಲ ಮೆಲ್ಲ ಎನ್ನುತ್ತಿದ್ದರು. ನಾನು ಖಾಲಿಯಾದ ಜಾಗಕ್ಕೆ ಸೂಟ್‌ಕೇಸನ್ನು ಎಳೆದುಕೊಂಡು, ಕಿಟಕಿ ತೆರೆದು, ನಮ್ಮ ಬಟ್ಟೆಗಳನ್ನು ಹೊರಗೆ ತೆಗೆಯತೊಡಗಿದೆ.